ಓಡುವಾಗ ಕೊಬ್ಬು ಸುಡುತ್ತಾ, ಸಕ್ಕರೆ ಸುಡುತ್ತಾ? ರಕ್ತದ ಪ್ರಮಾಣಕ್ಕೂ ಅದಕ್ಕೂ ಏನ್ ಸಂಬಂಧ

ಜಯನಗರದಲ್ಲಿ ಓಡೋರು, ಸೈಕಲ್ ತುಳಿಯೋರು ಸೇರಿದ್ದ ಒಂದು ಸಭೇಲಿ ಮಾತಾಡಿದ್ದು ಇದು. ಬರೆದು ಕೊಡಿ ಅಂತ ಸುಮಾರು ಜನ ಕೇಳಿದ್ರು, ಅದಕ್ಕೆ ಆವತ್ತು ಮಾತಾಡಿದ ಹಾಗೇ ಬರೆದಿದೀನಿ, ಆಮೇಲೆ ಬಂದ ಪ್ರಶ್ನೆಗಳನ್ನೂ ಸೇರಿಸಿದೀನಿ.

ಎಲ್ಲರಿಗೂ ನಮಸ್ಕಾರ. ಬೆಳಬೆಳಗ್ಗೆ ಲಾಲ್‌ಬಾಗ್ ಕಡೆ ಹೋದ್ರೆ ನೀವೆಲ್ಲ ನೋಡಿರ್ತೀರ, ಏಪ್ರಿಲ್ ತಿಂಗಳ ಸೆಖೇಲೂ ದಪ್ಪ ಜಾಕೆಟ್ ಹಾಕ್ಕೊಂಡು, ಇನ್ನು ಕೆಲವರು ಹೊಟ್ಟೆಗೆ ಪ್ಲಾಸ್ಟಿಕ್ ಬೆಲ್ಟ್ ಸುತ್ಕೊಂಡು, ಒಂದು ಗುಟುಕು ನೀರೂ ಕುಡೀದೆ ಓಡ್ತಿರ್ತಾರೆ. ಬೆವರು ಬಂದಷ್ಟೂ ಕೊಬ್ಬು ಕರಗುತ್ತೆ ಅನ್ನೋ ನಂಬಿಕೆ ಅದು, ಜಿಮ್‌ಗಳಲ್ಲೂ ಇದನ್ನೇ ಹೇಳಿಕೊಡ್ತಾರೆ. ದೇಹದ ಒಳಗೆ ನಡೆಯೋದು ಇದರ ಉಲ್ಟಾ. ಬೆವರಿನ ನೀರು ಬರೋದು ರಕ್ತದಿಂದ, ಆ ನೀರು ವಾಪಸ್ ತುಂಬದೆ ರಕ್ತದ ಪ್ರಮಾಣ ಕಮ್ಮಿ ಆಗ್ತಾ ಹೋದ್ರೆ ದೇಹ ಕೊಬ್ಬನ್ನ ಬಿಟ್ಟು ಸಕ್ಕರೆ ಕಡೆಗೆ ವಾಲುತ್ತೆ, ಅದೂ ಮಾಂಸಖಂಡದಲ್ಲಿ ಕೂಡಿಟ್ಟಿರೋ ಸಕ್ಕರೆ, ಬೇಗ ಖಾಲಿ ಆಗೋ ಸಕ್ಕರೆ. ಹೀಗೆ ಯಾಕಾಗುತ್ತೆ ಅನ್ನೋದನ್ನ ಬಿಡಿಸಿ ಹೇಳೋಕೆ ಬಂದಿದೀನಿ, ಯಾಕಂದ್ರೆ ಇದು ಗೊತ್ತಿದ್ರೆ ತುಂಬ ಜನರ ತರಬೇತಿ ಇನ್ನೂ ಚೆನ್ನಾಗಿ ಆಗುತ್ತೆ ಅಂತ ನನಗೆ ಗಟ್ಟಿಯಾಗಿ ಅನ್ಸುತ್ತೆ.

ಮೊದಲು ಇಂಧನದ ಲೆಕ್ಕ ಬೇಗ ಮುಗಿಸಿಬಿಡೋಣ. ನಮ್ಮಲ್ಲಿ ಮುಖ್ಯವಾಗಿ ಎರಡು ಇಂಧನ. ಒಂದು ಗ್ಲೈಕೋಜನ್, ಅಂದ್ರೆ ಕೂಡಿಟ್ಟ ಸಕ್ಕರೆ. ಮಾಂಸಖಂಡಗಳಲ್ಲಿ ಸುಮಾರು 400ರಿಂದ 500 ಗ್ರಾಂ, ಲಿವರ್‌ನಲ್ಲಿ ಸುಮಾರು 100 ಗ್ರಾಂ, ಎಲ್ಲ ಸೇರಿ 2000 ಕಿಲೊಕ್ಯಾಲರಿ ಆಸುಪಾಸು. ಇನ್ನೊಂದು ಕೊಬ್ಬು. 70 ಕೆಜಿ ತೂಕದ ಸಣಕಲು ಮನುಷ್ಯನಲ್ಲೂ 10 ಕೆಜಿ ಕೊಬ್ಬು ಇರುತ್ತೆ ಅಂದ್ಕೊಳ್ಳಿ, ಅದು ಹತ್ತಿರಹತ್ತಿರ 90 ಸಾವಿರ ಕಿಲೊಕ್ಯಾಲರಿ. ಹಾಗಾಗಿ ಮ್ಯಾರಥಾನ್‌ನ 30 ಕಿಲೋಮೀಟರ್ ದಾಟಿದ ಮೇಲೆ ಕಾಲು ಕಿತ್ತಿಡಕ್ಕೆ ಆಗದೆ ನಿಂತುಬಿಡೋರಲ್ಲಿ ಕೊಬ್ಬು ಮುಗಿದಿರಲ್ಲ, ಗ್ಲೈಕೋಜನ್ ತಳ ಮುಟ್ಟಿರುತ್ತೆ. ಎರಡೂ ಇಂಧನ ಯಾವಾಗ್ಲೂ ಒಟ್ಟಿಗೇ ಉರೀತಿರುತ್ತೆ, ಪಾಲು ಮಾತ್ರ ಬದಲಾಗ್ತಾ ಇರುತ್ತೆ. ಮೆಲ್ಲಗೆ ಓಡಿದ್ರೆ ಕೊಬ್ಬಿನ ಪಾಲು ಜಾಸ್ತಿ, ಜೋರಾಗಿ ಓಡಿದ್ರೆ ಸಕ್ಕರೆ ಪಾಲು ಜಾಸ್ತಿ, ಇಷ್ಟು ನಿಮಗೆಲ್ಲ ಗೊತ್ತು. ಈ ಪಾಲನ್ನ ಉಸಿರಿನಿಂದಲೇ ಅಳೀಬಹುದು, ಬಿಟ್ಟ ಕಾರ್ಬನ್ ಡೈಆಕ್ಸೈಡನ್ನ ತಗೊಂಡ ಆಮ್ಲಜನಕದಿಂದ ಭಾಗಿಸಿದ್ರೆ ಬರೀ ಕೊಬ್ಬಿಗೆ 0.7, ಬರೀ ಸಕ್ಕರೆಗೆ 1. ಕೋಪನ್‌ಹೇಗನ್‌ನಲ್ಲಿ ಆಗಸ್ಟ್ ಕ್ರೋಗ್ ಮತ್ತು ಲಿಂಡ್‌ಹಾರ್ಡ್ 1920ರಲ್ಲೇ ಸೈಕಲ್ ತುಳಿಸಿ ಇದನ್ನ ಅಳೆದಿದ್ರು.

ಆದ್ರೆ ಒಂದೇ ವೇಗ, ಒಂದೇ ಊಟ, ಅದೇ ಮನುಷ್ಯ, ಆದ್ರೂ ಒಂದಿನ ಕೊಬ್ಬು ಜಾಸ್ತಿ ಉರಿದು ಇನ್ನೊಂದಿನ ಸಕ್ಕರೆ ಜಾಸ್ತಿ ಉರಿಯುತ್ತಲ್ಲ, ಅದು ಹೇಗೆ? ಇಲ್ಲಿ ರಕ್ತ ಬರುತ್ತೆ.

ನಮ್ಮ ಮೈಯಲ್ಲಿ ಇರೋ ರಕ್ತ ಕೆಜಿಗೆ ಸುಮಾರು 70 ಎಂಎಲ್, ಅಂದ್ರೆ 70 ಕೆಜಿಗೆ 5 ಲೀಟರ್ ಹತ್ತಿರ, ಹೆಣ್ಣುಮಕ್ಕಳಲ್ಲಿ ಸ್ವಲ್ಪ ಕಮ್ಮಿ. ಅದರಲ್ಲಿ ಅರ್ಧಕ್ಕಿಂತ ಚೂರು ಹೆಚ್ಚು ಪ್ಲಾಸ್ಮಾ, ಅಂದ್ರೆ ನೀರು, ಉಪ್ಪು, ಪ್ರೋಟೀನ್ ಇರೋ ಹಳದಿ ದ್ರವ. ಉಳಿದಿದ್ದು ಹೆಚ್ಚುಕಮ್ಮಿ ಕೆಂಪು ರಕ್ತಕಣ. ಸುಮ್ಮನೆ ಕೂತಾಗ ಹಾರ್ಟ್ ನಿಮಿಷಕ್ಕೆ 5 ಲೀಟರ್ ಪಂಪ್ ಮಾಡುತ್ತೆ, ಜೋರಾಗಿ ಓಡಿದಾಗ ಸಾಮಾನ್ಯರಲ್ಲಿ 20 ಲೀಟರ್, ದೊಡ್ಡ ಕ್ರೀಡಾಪಟುಗಳಲ್ಲಿ 30 ಲೀಟರ್ ದಾಟುತ್ತೆ, ಅದೇ 5 ಲೀಟರನ್ನೇ ಮತ್ತೆ ಮತ್ತೆ ಸುತ್ತಿಸಿ. ಕೆಲಸ ಮಾಡೋ ಮಾಂಸಖಂಡ ಇದರಲ್ಲಿ ನೂರಕ್ಕೆ 80ರಷ್ಟು ಎಳ್ಕೊಳ್ಳುತ್ತೆ. ಜೊತೆಗೆ ಚರ್ಮಕ್ಕೂ ರಕ್ತ ಬೇಕು, ಶಾಖ ಹೊರಗೆ ಹಾಕೋದೇ ಚರ್ಮದ ಮೂಲಕ. ಮೈ ತೀರಾ ಬಿಸಿ ಆದಾಗ ಚರ್ಮ ಒಂದಕ್ಕೇ ನಿಮಿಷಕ್ಕೆ 7 ಲೀಟರ್ ತನಕ ಹೋಗಬಲ್ಲದು.

ನಮ್ಮ ಬೆಂಗಳೂರಿನ ಮನೆಗಳಲ್ಲಿ ಟ್ಯಾಂಕಲ್ಲಿ ಅರ್ಧ ನೀರಿದ್ದಾಗ ಅಡುಗೆಮನೆ, ಬಚ್ಚಲು, ವಾಷಿಂಗ್ ಮೆಷೀನ್ ಎಲ್ಲ ನಲ್ಲಿನೂ ಒಟ್ಟಿಗೆ ತಿರುಗಿಸಿದ್ರೆ ಏನಾಗುತ್ತೆ ಅಂತ ಗೊತ್ತಲ್ಲ, ಯಾವ ನಲ್ಲೀಲೂ ಪ್ರೆಷರ್ ಇರಲ್ಲ. ಬಿಸಿಲಲ್ಲಿ ಓಡೋ ದೇಹದ ಕಥೇನೂ ಅದೇ. ಹೀಗಾಗಬಾರದು ಅಂತ ದೇಹ ಕೆಲವು ನಲ್ಲಿ ಬಿಗಿ ಮಾಡುತ್ತೆ, ಮೊದಲು ಹೊಟ್ಟೆ, ಕರುಳು, ಕಿಡ್ನಿಗೆ ಹೋಗೋ ರಕ್ತ ಕಮ್ಮಿ ಮಾಡುತ್ತೆ, ಆಮೇಲೆ ಚರ್ಮಕ್ಕೆ, ತೀರಾ ಕೊನೆಗೆ ಮಾಂಸಖಂಡಕ್ಕೂ.

ಇನ್ನೊಂದು ವಿಷಯ, ಓಡೋಕೆ ಶುರು ಮಾಡಿದ ಕೆಲವೇ ನಿಮಿಷದಲ್ಲಿ, ಬೆವರು ಇನ್ನೂ ಸರಿಯಾಗಿ ಬರೋ ಮುಂಚೆನೇ ಪ್ಲಾಸ್ಮಾ ಇಳಿಯುತ್ತೆ. ಕೆಲಸ ಮಾಡೋ ಮಾಂಸಖಂಡ ನೀರನ್ನ ತನ್ನ ಸುತ್ತ ಎಳ್ಕೊಳ್ಳುತ್ತೆ, ರಕ್ತದ ಒತ್ತಡಾನೂ ನೀರನ್ನ ನಾಳದಿಂದ ಆಚೆ ತಳ್ಳುತ್ತೆ. ಜೋರಾಗಿ ಓಡಿದ್ರೆ 10ರಿಂದ 15 ಪರ್ಸೆಂಟ್ ತನಕ ಇಳೀಬಹುದು. ಅಂದ್ರೆ ಓಟದ ಮೊದಲನೇ ಕಿಲೋಮೀಟರ್‌ನಲ್ಲೇ ಸ್ವಲ್ಪ ಸಾಲ ಆಗಿರುತ್ತೆ, ಆಮೇಲೆ ಬೆವರು ಗಂಟೆಗೆ ಒಂದು, ಒಂದೂವರೆ ಲೀಟರ್ ಹೋಗ್ತಾ ಸಾಲ ಬೆಳೀತಾ ಹೋಗುತ್ತೆ. ಬೆವರಿನ ನೀರೆಲ್ಲ ರಕ್ತದ ಲೆಕ್ಕಕ್ಕೇ ಬೀಳಲ್ಲ, ಜೀವಕೋಶದ ಒಳಗಿನ ನೀರೂ ಬಂದು ಸ್ವಲ್ಪ ತುಂಬಿಕೊಡುತ್ತೆ, ಆದ್ರೂ ರಕ್ತಕ್ಕೆ ನಷ್ಟ ಆಗೇ ಆಗುತ್ತೆ. ವಾಚ್ ಹಾಕ್ಕೊಂಡು ಝೋನ್ ಟು ಅಂತ, ಅಂದ್ರೆ ಹಾರ್ಟ್ ರೇಟ್ ಜಾಸ್ತಿ ಏರದ ಹಾಗೆ ಮೆಲ್ಲಗೆ ಓಡೋರು ಇದನ್ನ ದಿನಾ ನೋಡ್ತೀರ, ವೇಗ ಅದೇ ಇದ್ರೂ ಒಂದು ಗಂಟೆ ಆದ್ಮೇಲೆ ಹಾರ್ಟ್ ರೇಟ್ ಮೆಲ್ಲಗೆ ಏರುತ್ತಲ್ಲ, ಹಾರ್ಟಿಗೆ ವಾಪಸ್ ಬರೋ ರಕ್ತ ಕಮ್ಮಿಯಾಗಿ ಒಂದೊಂದು ಬಡಿತಕ್ಕೂ ಹೋಗೋದು ಕಮ್ಮಿಯಾಗಿದೆ, ಅದನ್ನ ಸರಿದೂಗಿಸೋಕೆ ಬಡಿತದ ಸಂಖ್ಯೆ ಏರಿದೆ.

ಈಗ ಮುಖ್ಯ ವಿಷಯ. ಹೀಗೆ ರಕ್ತ ಕಮ್ಮಿ ಆದಾಗ ಇಂಧನಕ್ಕೆ ಏನಾಗುತ್ತೆ ಅಂತ ಗೊನ್ಸಾಲೆಸ್ ಅಲೊನ್ಸೊ ಮತ್ತು ಜೊತೆಗಾರರು ಕೋಪನ್‌ಹೇಗನ್‌ನಲ್ಲಿ ಮಾಡಿದ ಪ್ರಯೋಗ 1999ರಲ್ಲಿ ಪ್ರಕಟ ಆಯ್ತು. ತರಬೇತಾದ ಸೈಕಲ್ ಸವಾರರನ್ನ ಬಿಸಿ ಕೋಣೇಲಿ ಎರಡು ಗಂಟೆಗೂ ಮೀರಿ ತುಳಿಸಿದ್ರು, ಒಂದಿನ ನೀರಿಲ್ಲದೆ, ಇನ್ನೊಂದಿನ ಹೋದಷ್ಟೂ ನೀರು ಕೊಟ್ಟು. ಬಿಸಿ ಅದೇ, ಕೆಲಸ ಅದೇ. ನೀರಿಲ್ಲದ ದಿನ ಎರಡೂ ಕಾಲಿಗೆ ಸೇರಿ ಹೋಗೋ ರಕ್ತ ನಿಮಿಷಕ್ಕೆ ಸುಮಾರು 2 ಲೀಟರ್ ಕಮ್ಮಿ ಆಯ್ತು, ಮಾಂಸಖಂಡದ ಗ್ಲೈಕೋಜನ್ ಖರ್ಚು ಮಾತ್ರ 45 ಪರ್ಸೆಂಟ್ ಜಾಸ್ತಿ ಆಯ್ತು.

ಇದನ್ನ ಕೇಳಿದ ತಕ್ಷಣ ನಮಗೆಲ್ಲ ಹೊಳೆಯೋ ಕಾರಣ ಏನಂದ್ರೆ, ರಕ್ತ ಕಮ್ಮಿ ಆದ್ರೆ ಆಮ್ಲಜನಕ ಕಮ್ಮಿ, ಆಮ್ಲಜನಕ ಕಮ್ಮಿ ಆದ್ರೆ ಕೊಬ್ಬು ಉರಿಯಲ್ಲ, ಅಷ್ಟೇ. ನೋಡೋಕೆ ಲೆಕ್ಕ ಸರಿ ಇದೆ, ಒಂದು ಲೀಟರ್ ಆಮ್ಲಜನಕಕ್ಕೆ ಸಕ್ಕರೆಯಿಂದ 5 ಕಿಲೊಕ್ಯಾಲರಿ ಸಿಕ್ಕಿದ್ರೆ ಕೊಬ್ಬಿನಿಂದ 4.7 ಅಷ್ಟೇ ಸಿಗೋದು. ಆದ್ರೆ ಆ ಪ್ರಯೋಗದಲ್ಲಿ ಕಾಲು ತಗೊಂಡ ಆಮ್ಲಜನಕ ಕಮ್ಮಿ ಆಗ್ಲಿಲ್ಲ! ಬಂದ ರಕ್ತದಿಂದಲೇ ಜಾಸ್ತಿ ಹಿಂಡಿಕೊಂಡು ಸರಿಮಾಡ್ಕೊಂಡಿತ್ತು. ನನಗೆ ಈ ಫಲಿತಾಂಶ ತುಂಬ ಇಷ್ಟ, ಯಾಕಂದ್ರೆ ಸುಲಭದ ಉತ್ತರದ ದಾರಿ ಮುಚ್ಚುತ್ತೆ, ಬೇರೆ ಕಡೆ ಹುಡುಕಲೇಬೇಕು.

ಹುಡುಕಿದ್ರೆ ಸಿಗೋದು ಎರಡು. ಒಂದು ಅಡ್ರಿನಾಲಿನ್. ಹಾರ್ಟಿನ ಹತ್ತಿರ, ಕತ್ತಿನ ದೊಡ್ಡ ರಕ್ತನಾಳದಲ್ಲಿ ರಕ್ತದ ಒತ್ತಡ, ತುಂಬುವಿಕೆ ಅಳೆಯೋ ನರತುದಿಗಳಿವೆ. ಅಲ್ಲಿಗೆ ಬರೋ ರಕ್ತ ಕಮ್ಮಿ ಆದ ಸುಳಿವು ಸಿಕ್ಕಿದ್ರೆ ಸಾಕು, ಮಿದುಳು ತುರ್ತು ಪರಿಸ್ಥಿತಿ ಅನ್ನೋ ಹಾಗೆ ನರಗಳನ್ನ ಎಬ್ಬಿಸುತ್ತೆ, ಅಡ್ರಿನಾಲಿನ್ ಏರುತ್ತೆ. ಆ ಅಡ್ರಿನಾಲಿನ್ ರಕ್ತನಾಳ ಬಿಗಿ ಮಾಡೋ ಕೆಲಸದ ಜೊತೆಗೆ ಮಾಂಸಖಂಡದ ಒಳಗೆ ಹೋಗಿ ಗ್ಲೈಕೋಜನ್ ಒಡೆಯೋ ಕಿಣ್ವವನ್ನೂ ಚುರುಕು ಮಾಡುತ್ತೆ. ಮಾಂಸಖಂಡ ಕೇಳಿದ್ದಕ್ಕಿಂತ ಜಾಸ್ತಿ ಸಕ್ಕರೆ ಒಡೆದು ಬರುತ್ತೆ, ಒಂದಿಷ್ಟು ಲ್ಯಾಕ್ಟೇಟ್ ಆಗಿ, ಅಂದ್ರೆ ಪೂರ್ತಿ ಉರಿಯದ ಸಕ್ಕರೆಯ ತುಣುಕಾಗಿ, ಆಚೆ ಹೋಗುತ್ತೆ. ರಕ್ತದೊತ್ತಡ ಕಾಪಾಡೋಕೆ ಅಂತ ಬಂದ ಹಾರ್ಮೋನ್ ಇಂಧನದ ಪಾಲನ್ನೂ ಬದಲಾಯಿಸಿಬಿಡುತ್ತೆ.

ಎರಡನೇದು ಶಾಖ. ಚರ್ಮಕ್ಕೆ ಹೋಗೋ ರಕ್ತ ಕಮ್ಮಿ ಆಯ್ತಲ್ಲ, ಹಾಗಾಗಿ ಒಳಗಿನ ಬಿಸಿ ಹೊರಗೆ ಹೋಗಲ್ಲ, ಮಾಂಸಖಂಡದ ಉಷ್ಣತೆ ಏರುತ್ತೆ, ಬಿಸಿ ಮಾಂಸಖಂಡ ಗ್ಲೈಕೋಜನ್ನನ್ನ ಇನ್ನೂ ಬೇಗ ಒಡೆಯುತ್ತೆ. ಇವೆರಡೂ ಒಂದಕ್ಕೊಂದು ಕುಮ್ಮಕ್ಕು ಕೊಡ್ತಾ ಹೋಗ್ತವೆ, ಬಿಸಿ ಏರಿದಷ್ಟೂ ಅಡ್ರಿನಾಲಿನ್ ಏರುತ್ತೆ. ಬಿಸಿ ಕೋಣೆ ಇಲ್ಲದೆ ಮಾಮೂಲಿ ವಾತಾವರಣದಲ್ಲಿ ಆಸ್ಟ್ರೇಲಿಯಾದಲ್ಲಿ ಹಾರ್‌ಗ್ರೀವ್ಸ್ ತಂಡ 1996ರಲ್ಲಿ ಮಾಡಿದ ಪ್ರಯೋಗದಲ್ಲೂ ಎರಡು ಗಂಟೆ ಸೈಕಲ್ ತುಳಿಯುವಾಗ ನೀರು ಕುಡಿದೋರಲ್ಲಿ ಗ್ಲೈಕೋಜನ್ ಖರ್ಚು 16 ಪರ್ಸೆಂಟ್ ಕಮ್ಮಿ ಇತ್ತು. ಬರೀ ನೀರು, ಅದರಲ್ಲಿ ಸಕ್ಕರೆ ಏನೂ ಇಲ್ಲ.

ಇನ್ನು ಕೊಬ್ಬಿನ ಕಡೆಯಿಂದ ನೋಡೋಣ. ಸೊಂಟದ ಸುತ್ತ ಇರೋ ಕೊಬ್ಬು ಅಲ್ಲೇ ಉರಿಯಲ್ಲ. ಒಡೆದು ಫ್ಯಾಟಿ ಆಸಿಡ್ ಆಗಬೇಕು, ಅದು ನೀರಲ್ಲಿ ಕರಗಲ್ಲ, ಪ್ಲಾಸ್ಮಾದಲ್ಲಿರೋ ಅಲ್ಬುಮಿನ್ ಅನ್ನೋ ಪ್ರೋಟೀನ್ ಹೊತ್ಕೊಂಡು ಕಾಲಿಗೆ ತಲುಪಿಸಬೇಕು. ಅಂದ್ರೆ ಕೊಬ್ಬಿನ ಅಂಗಾಂಶಕ್ಕೂ ರಕ್ತ ಹರೀತಾ ಇರಬೇಕು. ರೊಮೈನ್ ತಂಡ 1993ರಲ್ಲಿ ಮೂರು ವೇಗದಲ್ಲಿ ಸೈಕಲ್ ತುಳಿಸಿ ಅಳೆದಾಗ, ಅತಿ ಜೋರಿನಲ್ಲಿ, ಅಂದ್ರೆ ಗರಿಷ್ಠ ಸಾಮರ್ಥ್ಯದ 85 ಪರ್ಸೆಂಟ್‌ನಲ್ಲಿ, ಫ್ಯಾಟಿ ಆಸಿಡ್ ರಕ್ತಕ್ಕೆ ಬರೋದೇ ಕಮ್ಮಿ ಆಗಿತ್ತು, ಅಲ್ಲಿಗೆ ರಕ್ತ ಸರಿಯಾಗಿ ಹೋಗದೆ ಒಳಗೇ ಸಿಕ್ಕಿಹಾಕ್ಕೊಳ್ಳುತ್ತೆ ಅನ್ನೋದು ಇದಕ್ಕೆ ಕೊಟ್ಟ ಒಂದು ವಿವರಣೆ. ಆಮೇಲೆ ಅವರೇ ಡ್ರಿಪ್‌ನಲ್ಲಿ ಕೊಬ್ಬು ಕೊಟ್ಟು ನೋಡಿದಾಗ ಕೊಬ್ಬು ಉರಿಯೋದು ಸ್ವಲ್ಪ ಏರಿತು, ಪೂರ್ತಿ ಅಲ್ಲ. ಹಾಗಾಗಿ ಸಾಗಾಣಿಕೆ ಒಂದು ಕಾರಣ ಹೌದು, ಅದೊಂದೇ ಅಲ್ಲ.

ನನಗೆ ಅತ್ಯಂತ ಸೊಗಸು ಅನ್ಸೋದು ಹಾರ್ಟೇ ಕೊಬ್ಬಿಗೆ ಸಂದೇಶ ಕಳಿಸೋ ವಿಷಯ. ಹಾರ್ಟಿನ ಮೇಲಿನ ಕೋಣೆ ರಕ್ತ ತುಂಬಿ ಹಿಗ್ಗಿದಾಗ ಎಎನ್‌ಪಿ ಅನ್ನೋ ಹಾರ್ಮೋನ್ ಬಿಡುತ್ತೆ. ಇದರ ಸುಳಿವು 1981ರಲ್ಲಿ ಕೆನಡಾದಲ್ಲಿ ಅಡಾಲ್ಫೊ ಡಿ ಬೋಲ್ಡ್‌ಗೆ ಸಿಕ್ಕಿತು, ಆಗ ಎಲ್ಲರೂ ಕಿಡ್ನಿಯಿಂದ ಉಪ್ಪು ನೀರು ಹೊರಗೆ ಹಾಕೋ ಹಾರ್ಮೋನ್ ಅಂತಲೇ ನೋಡಿದ್ರು. 2000ದಲ್ಲಿ ಫ್ರಾನ್ಸಿನ ಟುಲೂಸ್‌ನ ತಂಡ ತೋರಿಸ್ತು, ಮನುಷ್ಯರ ಕೊಬ್ಬಿನ ಕೋಶದಲ್ಲಿ ಇದೇ ಹಾರ್ಮೋನ್ ಕೊಬ್ಬನ್ನೂ ಒಡೆಯುತ್ತೆ ಅಂತ. ಇಲಿಗಳಲ್ಲಿ ಹೀಗೆ ಕೆಲಸ ಮಾಡಲ್ಲ, ಅದಕ್ಕೇ ಅಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಓಡುವಾಗ ಹಾರ್ಟಿಗೆ ರಕ್ತ ಚೆನ್ನಾಗಿ ವಾಪಸ್ ಬಂದ್ರೆ ಎಎನ್‌ಪಿ ಏರುತ್ತೆ, ಕೊಬ್ಬು ಬಿಡುಗಡೆ ಆಗೋಕೆ ಅದೂ ಒಂದು ಕೈ ಸೇರಿಸುತ್ತೆ.

ಹಾಗಾದ್ರೆ ರಕ್ತ ಜಾಸ್ತಿ ಮಾಡ್ಕೊಂಡ್ರೆ ಕೊಬ್ಬು ಜಾಸ್ತಿ ಉರಿಯುತ್ತಾ ಅಂತ ಕೇಳ್ತೀರ. ಇಲ್ಲಿ ಹುಷಾರಾಗಿ ಹೇಳಬೇಕು. ತರಬೇತಿ ಶುರು ಮಾಡಿದ್ರೆ ಮೊದಲು ಬದಲಾಗೋದೇ ಪ್ಲಾಸ್ಮಾ. ಒಂದು ಸಲ ಚೆನ್ನಾಗಿ ಬೆವರು ಸುರಿಸಿದ ಮಾರನೇ ದಿನಕ್ಕೇ ಏರಿರುತ್ತೆ, ಕಿಡ್ನಿ ಉಪ್ಪು ನೀರು ಹಿಡಿದಿಡುತ್ತೆ, ಲಿವರ್ ಅಲ್ಬುಮಿನ್ ಜಾಸ್ತಿ ಮಾಡುತ್ತೆ. 1980ರಲ್ಲಿ ಕಾನ್ವರ್ಟಿನೊ ತಂಡ ದಿನಕ್ಕೆ ಎರಡು ಗಂಟೆಯಂತೆ 8 ದಿನ ಸೈಕಲ್ ತುಳಿಸಿದಾಗ ಪ್ಲಾಸ್ಮಾ 12 ಪರ್ಸೆಂಟ್ ಏರಿತ್ತು. ಕೆಂಪುಕಣ ಏರೋಕೆ ವಾರಗಟ್ಟಲೆ, ತಿಂಗಳುಗಟ್ಟಲೆ ಬೇಕು. ಓಡೋದು ಬಿಟ್ರೆ ಮೊದಲು ಹೋಗೋದೂ ಇದೇ. ಟೆಕ್ಸಾಸ್‌ನಲ್ಲಿ ಕಾಯ್ಲ್ ತಂಡ 1986ರಲ್ಲಿ ಪಳಗಿದ ಕ್ರೀಡಾಪಟುಗಳನ್ನ ಎರಡರಿಂದ ನಾಲ್ಕು ವಾರ ಸುಮ್ಮನೆ ಕೂರಿಸಿದಾಗ ರಕ್ತದ ಪ್ರಮಾಣ 9 ಪರ್ಸೆಂಟ್ ಇಳೀತು, ಒಂದು ಬಡಿತಕ್ಕೆ ಹಾರ್ಟ್ ತಳ್ಳೋ ರಕ್ತ 12 ಪರ್ಸೆಂಟ್ ಇಳೀತು, ಆಮೇಲೆ ಡೆಕ್ಸ್ಟ್ರಾನ್ ದ್ರಾವಣ ಏರಿಸಿ ರಕ್ತದ ಪ್ರಮಾಣ ತುಂಬಿದ ತಕ್ಷಣ ಒಂದು ಬಡಿತಕ್ಕೆ ತಳ್ಳೋ ರಕ್ತ ಹೆಚ್ಚುಕಮ್ಮಿ ಮೊದಲಿನ ಮಟ್ಟಕ್ಕೆ ವಾಪಸ್ ಬಂತು. ಹಾರ್ಟ್ ಕೆಟ್ಟಿರಲಿಲ್ಲ, ತುಂಬಿಕೊಳ್ಳೋಕೆ ರಕ್ತ ಇರಲಿಲ್ಲ ಅಷ್ಟೇ.

ಆದ್ರೆ ಕೊಬ್ಬು ಉರಿಸೋ ಶಕ್ತಿ ಮೂಲತಃ ಮಾಂಸಖಂಡದ ಒಳಗಿನ ಮೈಟೊಕಾಂಡ್ರಿಯಾದ್ದು, ಅಂದ್ರೆ ಜೀವಕೋಶದೊಳಗೆ ಇಂಧನ ಉರಿಸೋ ಪುಟ್ಟ ಒಲೆಗಳದ್ದು, ಅದು ಬೆಳೆಯೋಕೆ ವಾರಗಟ್ಟಲೆ ಓಡಬೇಕು. ನೀರು, ಉಪ್ಪು, ಡ್ರಿಪ್ ಯಾವುದರಿಂದಲೂ ಆ ಶಕ್ತಿ ಬರಲ್ಲ. ರಕ್ತ ಕಮ್ಮಿ ಆದ್ರೆ ಇರೋ ಶಕ್ತೀನೂ ಬಳಸೋಕೆ ಆಗಲ್ಲ, ರಕ್ತ ಸಾಕಷ್ಟಿದ್ರೆ ಇರೋದನ್ನ ಪೂರ್ತಿ ಬಳಸಬಹುದು, ಇಷ್ಟೇ ಹೇಳೋಕೆ ಬರೋದು. ರೀಲ್ಸ್‌ಗಳಲ್ಲಿ ಇದಕ್ಕಿಂತ ಜಾಸ್ತಿ ಹೇಳೋರನ್ನ ನಂಬಬೇಡಿ.

ನಮ್ಮ ಊರಿಗೆ ಬರೋಣ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಬೇಸಿಗೇಲಿ ಗಾಳಿ ಒಣಗಿರುತ್ತೆ, ಬೆವರು ಬಂದ ಹಾಗೇ ಆರಿಹೋಗುತ್ತೆ. ಮಂಗಳೂರಲ್ಲಿ ಓಡಿದ್ರೆ ಬನಿಯನ್ ಹಿಂಡಬಹುದು, ಇಲ್ಲಿ ಬರೀ ಉಪ್ಪಿನ ಗೆರೆ ಉಳಿದಿರುತ್ತೆ, ಅದಕ್ಕೇ ಇಲ್ಲಿಯವರಿಗೆ ಎಷ್ಟು ನೀರು ಹೋಯ್ತು ಅನ್ನೋ ಅಂದಾಜೇ ಸಿಗಲ್ಲ. ಊರು ತಂಪು ಅನ್ನೋ ಹಳೇ ನೆನಪು ಬೇರೆ. 2016ರ ಏಪ್ರಿಲ್‌ನಲ್ಲಿ ಇದೇ ಊರು 39.2 ಡಿಗ್ರಿ ಕಂಡಿದೆ. ಹೋಗೋ ಮುಂಚೆ, ಬಂದ ಮೇಲೆ ತೂಕ ನೋಡ್ಕೊಳ್ಳಿ, ಒಂದು ಕೆಜಿ ಇಳಿದ್ರೆ ಹತ್ತಿರಹತ್ತಿರ ಒಂದು ಲೀಟರ್ ನೀರು ಹೋಗಿದೆ ಅಂತ. 60 ಕೆಜಿ ಇರೋರು 1.2 ಕೆಜಿ ಕಳ್ಕೊಂಡ್ರೆ ಅದು 2 ಪರ್ಸೆಂಟ್, ಅಲ್ಲಿಂದ ಮುಂದೆ ದಮ್ಮು ಇಳಿಯೋದು ಗೊತ್ತಾಗೋಕೆ ಶುರುವಾಗುತ್ತೆ. ನಂದಿ ಬೆಟ್ಟಕ್ಕೆ ಸೈಕಲ್ಲಲ್ಲಿ ಹೋಗೋರು ಬೆಟ್ಟದ ಬುಡಕ್ಕೆ ಬರೋ ಹೊತ್ತಿಗೇ ಇಷ್ಟು ಕಳ್ಕೊಂಡಿದ್ರೆ ಹತ್ತುವಾಗ ಬೇಕಾದ ಗ್ಲೈಕೋಜನ್ ಫ್ಲಾಟ್ ರೋಡಲ್ಲೇ ಅರ್ಧ ಖರ್ಚಾಗಿರುತ್ತೆ.

ಇನ್ನು ಪ್ರಶ್ನೆಗಳು. ಒಬ್ಬರು ಹಿರಿಯರು ಎದ್ದು, "ಸಾರ್, ಎಳನೀರು ಸಾಕಲ್ವಾ, ಯಾಕೆ ಈ ಪುಡಿ ಗಿಡಿ?" ಅಂದ್ರು, ನೀರಿಗೆ ಬೆರೆಸಿ ಕುಡಿಯೋ ಲವಣದ ಪುಡಿ ಬಗ್ಗೆ. ಎಳನೀರು ಒಳ್ಳೇದೇ, ಆದ್ರೆ ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ, ಸೋಡಿಯಂ ಕಮ್ಮಿ, ಬೆವರಲ್ಲಿ ಹೋಗೋದು ಮುಖ್ಯವಾಗಿ ಸೋಡಿಯಂ. ನೀರನ್ನ ರಕ್ತನಾಳದಲ್ಲಿ ಹಿಡಿದು ನಿಲ್ಲಿಸೋಕೆ ಸೋಡಿಯಂ ಬೇಕು. ಉಪ್ಪು ಹಾಕಿದ ನೀರು ಮಜ್ಜಿಗೆ, ಇಲ್ಲಾಂದ್ರೆ ಎಳನೀರಿನ ಜೊತೆ ಉಪ್ಪಿರೋ ತಿಂಡಿ, ಇಷ್ಟಿದ್ರೆ ಪುಡಿ ಬೇಕಾಗಲ್ಲ. ಬಿಪಿ ಇರೋರು, ಕಿಡ್ನಿ ತೊಂದರೆ ಇರೋರು ಉಪ್ಪಿನ ವಿಷಯ ಡಾಕ್ಟರನ್ನ ಕೇಳಿನೇ ಮಾಡಿ. ಹಾಗಂತ ಬಾಟಲಿಗಟ್ಟಲೆ ಸಪ್ಪೆ ನೀರು ಕುಡಿಯೋದೂ ಅಪಾಯ. 2002ರ ಬೋಸ್ಟನ್ ಮ್ಯಾರಥಾನ್ ಮುಗಿಸಿದವರಲ್ಲಿ 488 ಜನರ ರಕ್ತ ಪರೀಕ್ಷೆ ಮಾಡಿದಾಗ 13 ಪರ್ಸೆಂಟ್ ಜನರಲ್ಲಿ ಸೋಡಿಯಂ ಇರಬೇಕಾದ್ದಕ್ಕಿಂತ ಇಳಿದಿತ್ತು, ಓಡ್ತಾ ಓಡ್ತಾ ತೂಕ ಏರಿಸಿಕೊಂಡವರೇ ಅದರಲ್ಲಿ ಹೆಚ್ಚು. ತೂಕ ಸ್ವಲ್ಪ ಇಳಿದ್ರೆ ತಪ್ಪಿಲ್ಲ, ಏರಬಾರದು.

ಒಬ್ಬರು ಮೇಡಂ ಕೇಳಿದ್ರು, ಹಿಮೋಗ್ಲೋಬಿನ್ 10ಕ್ಕೆ ಬಂದಿದೆ, ನಿಧಾನ ಓಡಿದ್ರೂ ಕಾಲು ಉರಿ, ಏದುಸಿರು, ಇದಕ್ಕೂ ನೀವು ಹೇಳಿದ್ದಕ್ಕೂ ಸಂಬಂಧ ಇದೆಯಾ ಅಂತ. ಖಂಡಿತ ಇದೆ, ದಯವಿಟ್ಟು ಎಲ್ಲರೂ ಇದನ್ನ ಕೇಳಿಸ್ಕೊಳ್ಳಿ. ರಕ್ತಹೀನತೆ ಇದ್ದಾಗ ರಕ್ತದ ಪ್ರಮಾಣ ಸರಿಯಾಗಿದ್ರೂ ಅದು ಹೊರೋ ಆಮ್ಲಜನಕ ಕಮ್ಮಿ, ಅದೇ ವೇಗಕ್ಕೆ ದೇಹ ಸಕ್ಕರೆ ಜಾಸ್ತಿ ಉರಿಸುತ್ತೆ, ಲ್ಯಾಕ್ಟೇಟ್ ಜಾಸ್ತಿ ಆಗುತ್ತೆ. ಕಬ್ಬಿಣ ಬರೀ ಹಿಮೋಗ್ಲೋಬಿನ್‌ಗಲ್ಲ, ಮೈಟೊಕಾಂಡ್ರಿಯಾದ ಕಿಣ್ವಗಳಿಗೂ ಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ 57 ಪರ್ಸೆಂಟ್ ಜನಕ್ಕೆ ರಕ್ತಹೀನತೆ ಇದೆ, ನಮ್ಮ ಕರ್ನಾಟಕದಲ್ಲೂ ಅರ್ಧದ ಹತ್ತಿರ. ಇಷ್ಟು ಜನ ಹೆಣ್ಣುಮಕ್ಕಳು ನನಗೆ ಸ್ಟ್ಯಾಮಿನಾ ಇಲ್ಲ, ನಾನು ಸೋಮಾರಿ ಅಂತ ತಮ್ಮನ್ನೇ ಬೈಕೊಂಡು ಓಡೋದು ಬಿಟ್ಟುಬಿಡ್ತಾರೆ, ನನಗೆ ಇದು ನಿಜವಾಗ್ಲೂ ನೋವು ಕೊಡುತ್ತೆ. ಮೊದಲು ಹಿಮೋಗ್ಲೋಬಿನ್, ಮತ್ತೆ ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸೋ ಫೆರಿಟಿನ್, ಎರಡೂ ಟೆಸ್ಟ್ ಮಾಡಿಸಿ, ಡಾಕ್ಟರ್ ಹೇಳಿದ ಹಾಗೆ ಕಬ್ಬಿಣ ತಗೊಳ್ಳಿ, ಮಾತ್ರೆ ನುಂಗೋ ಹೊತ್ತಿಗೆ ಕಾಫಿ ಟೀ ಬೇಡ. ವೇಗದ ಮಾತು ಆಮೇಲೆ.

ರಕ್ತದಾನ ಮಾಡೋ ಹುಡುಗರೊಬ್ಬರು, ಕೊಟ್ಟ ಮೇಲೆ ಯಾವಾಗಿಂದ ಓಡಬಹುದು ಅಂದ್ರು. ನಮ್ಮಲ್ಲಿ ತಗೊಳ್ಳೋದು 350 ಇಲ್ಲಾ 450 ಎಂಎಲ್. ಪ್ಲಾಸ್ಮಾ ಒಂದೆರಡು ದಿನದಲ್ಲಿ ತುಂಬ್ಕೊಳ್ಳುತ್ತೆ, ಕೆಂಪುಕಣ ಪೂರ್ತಿ ಬರೋಕೆ ವಾರಗಳು ಬೇಕು. ಕೊಟ್ಟ ದಿನ ರೆಸ್ಟ್, ಆಮೇಲೆ ಮೆಲ್ಲಗೆ ಓಡಿ, ಒಂದೆರಡು ವಾರ ವಾಚಲ್ಲಿ ವೇಗ ಕಮ್ಮಿ ಕಂಡ್ರೆ ಬೇಜಾರು ಬೇಡ, ರೇಸ್ ಇದ್ರೆ ಅದಾದ ಮೇಲೆ ಕೊಡಿ. ಆದ್ರೆ ಕೊಡೋದನ್ನ ಮಾತ್ರ ನಿಲ್ಲಿಸಬೇಡಿ.

ಕೊನೇ ಪ್ರಶ್ನೆ, ಬೇಸಿಗೇಲಿ ಬರೋ ರೇಸಿಗೆ ಮೈಯನ್ನ ಹೇಗೆ ಹೊಂದಿಸೋದು ಅಂತ. ಒಂದರಿಂದ ಎರಡು ವಾರ, ದಿನಾ ಒಂದು ಗಂಟೆ ಹತ್ತಿರ ಸ್ವಲ್ಪ ಬಿಸಿಲೇರಿದ ಹೊತ್ತಲ್ಲಿ ಮೆಲ್ಲಗೆ ಓಡಿ, ನೀರು ಉಪ್ಪು ತಗೊಂಡೇ ಓಡಿ. ಮೊದಲ ವಾರದಲ್ಲೇ ಪ್ಲಾಸ್ಮಾ ಏರುತ್ತೆ, ಬೆವರು ಬೇಗ ಶುರುವಾಗುತ್ತೆ, ಬೆವರಲ್ಲಿ ಹೋಗೋ ಉಪ್ಪು ಕಮ್ಮಿ ಆಗುತ್ತೆ, ಅದೇ ಬಿಸಿಲಲ್ಲಿ ಅದೇ ವೇಗಕ್ಕೆ ಹಾರ್ಟ್ ರೇಟ್ ಇಳಿಯುತ್ತೆ, ಗ್ಲೈಕೋಜನ್ ಖರ್ಚೂ ಇಳಿಯುತ್ತೆ. ತಲೆ ಸುತ್ತು, ಚಳಿ ಬಂದ ಹಾಗಾಗೋದು, ಮಾತು ತೊದಲೋದು ಇದ್ರೆ ಆ ಕ್ಷಣವೇ ನಿಲ್ಲಿಸಿ ನೆರಳಿಗೆ ಬಂದು ಮೈಮೇಲೆ ನೀರು ಸುರ್ಕೊಳ್ಳಿ, ಜೊತೆಯಲ್ಲಿರೋರಿಗೆ ಹೇಳಿ, ಅದಕ್ಕೇ ಈ ಅಭ್ಯಾಸವನ್ನ ಒಬ್ಬರೇ ಹೋಗಿ ಮಾಡಬೇಡಿ. ಬಿಸಿಲಿಗೆ ಹೋಗೋದು ನಿಲ್ಲಿಸಿದ್ರೆ ಎರಡು ಮೂರು ವಾರದಲ್ಲಿ ಇದರಲ್ಲಿ ಹೆಚ್ಚಿನ ಪಾಲು ಹೋಗಿಬಿಡುತ್ತೆ, ಹಾಗಾಗಿ ರೇಸಿಗೆ ಹತ್ತಿರ ಇಟ್ಕೊಂಡು ಮಾಡಿ, ಕೊನೇ ಎರಡು ಮೂರು ದಿನ ಮಾತ್ರ ತಂಪು ಹೊತ್ತಲ್ಲಿ ಓಡಿ.